ಇಂಡೋರ್ ಬಾಸ್ಕೆಟ್‌ಬಾಲ್: ಫ್ಲ್ಯಾಶ್ ಇಟ್ರೂ ಬಾಲಿಗೆ ಬಾಲ ಬರ್ತಾ ಉಂಟು, ಎಂತ ಮಾಡುದು?

ಕದ್ರಿ_ಹುಡುಗ

ಎಲ್ರಿಗೂ ನಮಸ್ಕಾರ. ನಾನು ಮಂಗಳೂರಲ್ಲಿ ಡಿಗ್ರಿ ಎರಡನೇ ವರ್ಷ, ಕಾಲೇಜು ಮ್ಯಾಗಜೀನಿಗೆ ಸ್ಪೋರ್ಟ್ಸ್ ಫೋಟೋ ತೆಗೆಯುವ ಕೆಲಸ ನನ್ನ ತಲೆಗೆ ಬಂದಿದೆ, ಬೇರೆ ಯಾರೂ ಕೈ ಎತ್ತಲಿಲ್ಲ ಅಷ್ಟೆ. ಇನ್ನು ಎರಡು ವಾರದಲ್ಲಿ ನಮ್ಮಲ್ಲೇ ಇಂಟರ್ ಕಾಲೇಜು ಬಾಸ್ಕೆಟ್‌ಬಾಲ್ ಉಂಟು, ಇಂಡೋರ್. ಹಾಲ್ ನೋಡ್ಲಿಕ್ಕೆ ದೊಡ್ಡದು, ಆದ್ರೆ ಒಳಗೆ ಲೈಟು ಅಜ್ಜಿ ಮನೆ ಜಗಲಿಯಷ್ಟೇ. ಮೇಲೆ ಶೀಟಿನ ಮಾಡು, ಅರ್ಧ ಎಲ್‌ಇಡಿ, ಅರ್ಧ ಹಳೇ ಲೈಟು, ಅದ್ರಲ್ಲೂ ಎರಡು ಉರಿಯುದಿಲ್ಲ.

ನನ್ನ ಹತ್ರ ಇರುದು ಕ್ಯಾನನ್ ಕ್ರಾಪ್ ಬಾಡಿ, 85 ಎಂಎಂ ಎಫ್ 1.8 ಲೆನ್ಸ್. ಫ್ಲ್ಯಾಶ್ ಇಲ್ಲದೆ ಶಟರ್ 1/500 ಸೆಕೆಂಡ್, ಎಫ್ 2.8 (ಲೆನ್ಸಿನ ಕಿಂಡಿ, ನಂಬರು ಏರಿದಷ್ಟು ಸಣ್ಣ), ಐಎಸ್‌ಓ 6400 (ಬೆಳಕು ಹಿಡಿಯುವ ಶಕ್ತಿ) ಇಟ್ರೆ ಎಕ್ಸ್‌ಪೋಷರ್ ಸರಿ ಬರ್ತದೆ, ಆದ್ರೆ ಫೋಟೋ ರವೆ ರವೆ, ಮತ್ತೆ ಒಂದು ಫೋಟೋ ಹಳದಿ ಬಂದ್ರೆ ಮುಂದಿನದ್ದು ಹಸಿರು. ಹಾಗಾಗಿ ಮಾವನ ಮದುವೆ ಸ್ಟುಡಿಯೋದಿಂದ ಎರಡು ಸ್ಪೀಡ್‌ಲೈಟ್ (ಸೆಲ್ ಹಾಕುವ ಸಣ್ಣ ಫ್ಲ್ಯಾಶ್) ಮತ್ತು ಅದನ್ನು ದೂರದಿಂದ ಹೊಡೆಸುವ ಟ್ರಿಗ್ಗರ್ ತಂದೆ. ಬೇಸ್‌ಲೈನ್ (ಬಾಸ್ಕೆಟ್ ಹಿಂದಿನ ಗೆರೆ) ಹತ್ರ ಎರಡು ಸ್ಟ್ಯಾಂಡಿನಲ್ಲಿ ಇಟ್ಟು ಫುಲ್ ಪವರ್ ಕೊಟ್ಟೆ (ಪವರ್ ಜಾಸ್ತಿ ಆದ್ರೆ ಜಾಸ್ತಿ ಫ್ರೀಜ್ ಆಗ್ತದೆ ಅಂತ ಅಂದ್ಕೊಂಡಿದ್ದೆ), ಕ್ಯಾಮೆರಾದಲ್ಲಿ 1/200, ಎಫ್ 2.8, ಐಎಸ್‌ಓ 3200. ಬಂದದ್ದು ಎಂತ ಅಂದ್ರೆ ಬಾಲಿನ ಹಿಂದೆ ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದ ಹಾಗೆ ಒಂದು ಗೆರೆ, ಜೆರ್ಸಿಯ 7 ನಂಬರು 77 ಆಗಿದೆ, ಮತ್ತೆ ಮೂರನೇ ಫೋಟೋಕ್ಕೆ ಫ್ಲ್ಯಾಶೇ ಬೀಳ್ಲಿಲ್ಲ. ಮಂಡೆ ಬಿಸಿ ಆಗಿದೆ, ಯಾರಾದ್ರೂ ಹೇಳಿ ಪ್ಲೀಸ್.

ಮದುವೆಮನೆ_ಫೋಟೋಗ್ರಾಫರ್

ಫ್ಲ್ಯಾಶ್ ಎಲ್ಲ ಯಾಕೆ ಮಾರಾಯ, ಈಗ ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಎಷ್ಟು ಒಳ್ಳೇದು ಬಂದಿದೆ, 6400ರಲ್ಲೇ ರಾ ಫೈಲ್ ತೆಗ್ದು ಆಮೇಲೆ ಕ್ಲೀನ್ ಮಾಡು. ಬಣ್ಣ ಬದಲಾಗುದು ಲೈಟ್ ಫ್ಲಿಕರ್ ಆಗುದ್ರಿಂದ. ನಮ್ಮ ಕರೆಂಟ್ 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಏರಿ ಇಳಿತದೆ, 1/500ರಲ್ಲಿ ಅದ್ರ ಒಂದು ತುಂಡು ಮಾತ್ರ ಸಿಗುದು. ನಿನ್ನ ಬಾಡಿಯಲ್ಲಿ ಆಂಟಿ ಫ್ಲಿಕರ್ ಅಂತ ಮೆನುವಿನಲ್ಲಿ ಇದ್ರೆ ಆನ್ ಮಾಡು, ಲೈಟು ಪೂರ್ತಿ ಏರಿದಾಗಲೇ ಶಟರ್ ಬೀಳ್ತದೆ. ಮ್ಯಾಗಜೀನಿನಲ್ಲಿ ಅಂಗೈಯಷ್ಟು ಪ್ರಿಂಟ್ ಆಗುವ ಫೋಟೋಕ್ಕೆ ಇಷ್ಟೆಲ್ಲ ಬಂಗ ಬೇಡ.

ಕುಂದಾಪ್ರ_ಹೈದ

ಹ್ವಾಯ್, ಬಾಲಿಗೆ ಬಾಲ ಬಂದ್ರೆ ಒಳ್ಳೇದೇ ಅಲ್ದಾ, ಸ್ಪೀಡ್ ಕಾಂತ್ತ್ 😀 ಫೋಟೋ ಒಂದ್ ಹಾಕಿ ಕಾಂಬ.

ಬೆಳಕಿನ_ಲೆಕ್ಕ

ಮೇಲಿನವರು ಹೇಳಿದ್ದು ತಪ್ಪಲ್ಲ, ಅದೂ ಒಂದು ದಾರಿ. ಆದ್ರೆ ಮಾವನ ಫ್ಲ್ಯಾಶ್ ಕೈಯಲ್ಲಿ ಇರುವಾಗ ಕಲಿಯದೆ ಬಿಡ್ಬೇಡಿ. ನಾನು ಉಡುಪಿ, ಮಣಿಪಾಲ ಕಡೆ ಸುಮಾರು ವರ್ಷದಿಂದ ಕಾಲೇಜು ಮ್ಯಾಚ್ ತೆಗಿತಾ ಇದ್ದೇನೆ, ನೀವು ಮಾಡಿದ ಇದೇ ತಪ್ಪನ್ನು ಒಂದು ಇಡೀ ಸೀಸನ್ ಮಾಡಿದವ.

ನಿಮ್ಮ ನಂಬರುಗಳಲ್ಲೇ ಉತ್ತರ ಉಂಟು. ಫ್ಲ್ಯಾಶ್ ಇಲ್ಲದೆ 1/500, 2.8, 6400ರಲ್ಲಿ ಫೋಟೋ ಸರಿ ಬರ್ತದೆ ಅಂದ್ರಿ. ಫ್ಲ್ಯಾಶ್ ಹಾಕುವಾಗ ಐಎಸ್‌ಓ ಅರ್ಧ ಮಾಡಿದ್ರಿ, ಆದ್ರೆ ಶಟರ್ ಎರಡೂವರೆ ಪಟ್ಟು ಹೊತ್ತು ತೆರೆದು ಇಟ್ರಿ. ಲೆಕ್ಕ ಹಾಕಿ, ಹಾಲಿನ ಲೈಟಿಗೇ ಫೋಟೋ ಕಾಲು ಪಾಲು ಜಾಸ್ತಿ ಬೆಳಗಿದೆ! ಅಂದ್ರೆ ಒಂದೇ ಫ್ರೇಮಿನಲ್ಲಿ ಎರಡು ಫೋಟೋ, ಒಂದು ಹಾಲಿನ ಲೈಟಿನದ್ದು, ಅದು 1/200 ಸೆಕೆಂಡಿನದ್ದು, ಅಲುಗಾಡಿದ್ದು, ಅದ್ರ ಮೇಲೆ ಫ್ಲ್ಯಾಶಿನದ್ದು. ಪಾಸ್ ಮಾಡಿದ ಬಾಲು ಸೆಕೆಂಡಿಗೆ 10 ಮೀಟರ್ ಹೋಗ್ತದೆ ಅಂತ ಇಟ್ಕೊಂಡ್ರೆ 1/200ರಲ್ಲಿ 5 ಸೆಂಟಿಮೀಟರ್ ಹೋಗಿರ್ತದೆ. ನಿಮ್ಮ ಬಾಲಂಗೋಚಿ ಅದೇ.

ಇಲ್ಲಿ ಫ್ರೀಜ್ ಮಾಡುದು ಶಟರ್ ಅಲ್ಲ, ಫ್ಲ್ಯಾಶು. ಶಟರ್ ಇನ್ನೂ ಏರಿಸಿದ್ರೆ ಸರಿ ಆಗ್ತದೆ ಅಂತ ಕಾಣ್ಬಹುದು, ಆದ್ರೆ ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಹೋಗುವ ಅತಿ ವೇಗದ ಶಟರ್) ದಾಟಿದ್ರೆ ಪರದೆ ಅಡ್ಡ ಬಂದು ಫೋಟೋದ ಒಂದು ಬದಿ ಕಪ್ಪಾಗ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸಿಂಕ್) ಹಾಕಿದ್ರೆ ಕಪ್ಪು ಬರುದಿಲ್ಲ, ಆದ್ರೆ ಫ್ಲ್ಯಾಶು ಸಣ್ಣ ಸಣ್ಣ ಮಿಣುಕಾಗಿ ಒಡೆದು ಹೋಗ್ತದೆ, ಪವರ್ ತುಂಬಾ ಬೀಳ್ತದೆ, ಅಷ್ಟು ದೂರಕ್ಕೆ ಅದು ಮುಟ್ಟುದಿಲ್ಲ. ಹಾಗಾಗಿ 1/200ರಲ್ಲೇ ಇರಿ, ಹಾಲಿನ ಲೈಟನ್ನು ಕೊಲ್ಲಿ. ಎಫ್ 4, ಐಎಸ್‌ಓ 400 ಇಟ್ಟು ಫ್ಲ್ಯಾಶ್ ಆಫ್ ಮಾಡಿ ಒಂದು ಕ್ಲಿಕ್ ಮಾಡಿ ನೋಡಿ, ಹೆಚ್ಚು ಕಡಿಮೆ ಕಪ್ಪೇ ಬರ್ಬೇಕು. ನಿಮ್ಮ ಹಳೇ ಫ್ಲ್ಯಾಶ್ ಸೆಟ್ಟಿಂಗಿಗಿಂತ ನಾಲ್ಕು ಸ್ಟಾಪ್ ಕೆಳಗೆ (ಒಂದು ಸ್ಟಾಪ್ ಇಳಿದ್ರೆ ಬೆಳಕು ಅರ್ಧ), ಅಂದ್ರೆ ಹದಿನಾರರಲ್ಲಿ ಒಂದು ಪಾಲು ಬೆಳಕು. ಹಾಲಿನ ಲೈಟು ಕಾಣದಿದ್ರೆ ಅದ್ರ ಹಸಿರು ಹಳದಿಯೂ ಇಲ್ಲ, ಫ್ಲಿಕರೂ ಇಲ್ಲ. ವೈಟ್ ಬ್ಯಾಲೆನ್ಸ್ ಫ್ಲ್ಯಾಶಿಗೆ ಇಟ್ಟು ಮರೆತುಬಿಡಿ.

ಇನ್ನು ಫುಲ್ ಪವರ್ ವಿಷ್ಯ. ಸ್ಪೀಡ್‌ಲೈಟಿನಲ್ಲಿ ಪವರ್ ಕಡಿಮೆ ಮಾಡುದು ಅಂದ್ರೆ ಬೆಳಕು ಮಂದ ಆಗುದಲ್ಲ, ಬೇಗ ಕಟ್ ಆಗುದು. ಫುಲ್‌ನಲ್ಲಿ ಆ ಮಿಂಚು ಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲಿನ ಹತ್ರ ಇರ್ತದೆ, ಕೊನೆಗೆ ನಿಧಾನ ಆರುವ ಬಾಲ ಬೇರೆ ಉಂಟು. 1/4ಕ್ಕೆ ಇಳಿಸಿದ್ರೆ 1/1000 ಅಥವಾ ಇನ್ನೂ ಚಿಕ್ಕದು, ಬಾಲು 1 ಸೆಂಟಿಮೀಟರಿಗಿಂತ ಜಾಸ್ತಿ ಹೋಗುದಿಲ್ಲ. ನಿಮ್ಮ ಮಾವ ಸ್ಟುಡಿಯೋದ ಹಳೇ ದೊಡ್ಡ ಲೈಟ್ ಕೊಡ್ತೇನೆ ಅಂದ್ರೆ ಮಾತ್ರ ಜಾಗ್ರತೆ, ಅವುಗಳಲ್ಲಿ ಸುಮಾರು ಮಾಡೆಲ್ ಇದಕ್ಕೆ ಉಲ್ಟಾ, ಪವರ್ ಇಳಿಸಿದಷ್ಟು ಮಿಂಚು ಉದ್ದ ಆಗ್ತದೆ.

ಮೂರನೇ ಫೋಟೋಕ್ಕೆ ಫ್ಲ್ಯಾಶ್ ಬೀಳದ್ದೂ ಫುಲ್ ಪವರಿನ ಪ್ರಸಾದವೇ, ಫ್ಲ್ಯಾಶ್ ಚಾರ್ಜ್ ಆಗಿರುದಿಲ್ಲ. 1/4ರಲ್ಲಿ ಒಳ್ಳೆ ರೀಚಾರ್ಜ್ ಸೆಲ್ ಇದ್ರೆ ಒಂದು ಸೆಕೆಂಡಿನ ಹತ್ರ ರೆಡಿ ಆಗ್ತದೆ. ಬರ್ಸ್ಟ್ ಮರೆತುಬಿಡಿ, ಒಂದು ಜಂಪಿಗೆ ಒಂದೇ ಕ್ಲಿಕ್. ಯಕ್ಷಗಾನದ ಫೋಟೋ ತೆಗೆದವರಿಗೆ ಇದು ಗೊತ್ತಿರ್ತದೆ, ದಿಗಿಣ ಹಾರುವಾಗ ಮೇಲೆ ಹೋಗಿ ಕೆಳಗೆ ಬರುವ ಮೊದ್ಲು ಒಂದು ಕ್ಷಣ ವೇಷ ಗಾಳಿಯಲ್ಲಿ ನಿಂತ ಹಾಗೆ ಇರ್ತದಲ್ಲ, ಅದೇ ಕ್ಷಣ. ಲೇಅಪ್‌ಗೂ (ಓಡಿ ಬಂದು ಹಾರಿ ಬುಟ್ಟಿಗೆ ಹಾಕುದು) ಅದೇ.

ಕದ್ರಿ_ಹುಡುಗ

ಅಯ್ಯೋ ಇದು ಯಾರೂ ಹೇಳಿರ್ಲಿಲ್ಲ ಸರ್, ಥ್ಯಾಂಕ್ಸ್. ಆದ್ರೆ 1/4 ಪವರಿಗೆ, ಐಎಸ್‌ಓ 400ಕ್ಕೆ ಬೆಳಕು ಸಾಕಾಗ್ತದಾ? ಮಾಡಿಗೆ ಬೌನ್ಸ್ ಮಾಡುದು ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ.

ಬೆಳಕಿನ_ಲೆಕ್ಕ

ಸ್ಪೀಡ್‌ಲೈಟಿನಲ್ಲಿ ಬೌನ್ಸ್ ಆಗುದಿಲ್ಲ. ಬಿಳಿ ಸೀಲಿಂಗ್ ಇದ್ದು 600 ವಾಟ್ ಸೆಕೆಂಡಿನ ಎರಡು ಲೈಟ್ ಇದ್ರೆ ಮಾತಾಡ್ಬಹುದು. ನಿಮ್ಮದು ಶೀಟು, ಅದೂ ಅಷ್ಟು ಎತ್ತರ, ಹೋದ ಬೆಳಕು ವಾಪಸ್ ಬರುದಿಲ್ಲ, ಬಂದದ್ದೂ ಶೀಟಿನ ಬಣ್ಣ ಹಚ್ಕೊಂಡು ಬರ್ತದೆ.

ಡೈರೆಕ್ಟ್ ಹೊಡೀರಿ. ಫ್ಲ್ಯಾಶಿನ ಝೂಮ್ 70ಕ್ಕೆ ಇಡಿ. ದೊಡ್ಡ ಸ್ಪೀಡ್‌ಲೈಟುಗಳಿಗೆ ಅಲ್ಲಿ ಗೈಡ್ ನಂಬರ್ (ಎಫ್ ನಂಬರಿನಿಂದ ಭಾಗಿಸಿದ್ರೆ ಬೆಳಕು ಎಷ್ಟು ಮೀಟರ್ ಮುಟ್ತದೆ ಅಂತ ಹೇಳುವ ಸಂಖ್ಯೆ, ಫುಲ್ ಪವರ್ ಮತ್ತು ಐಎಸ್‌ಓ 100ರ ಲೆಕ್ಕ) 50ರ ಹತ್ರ ಇರ್ತದೆ. 1/4 ಪವರಿಗೆ ಅದು ಅರ್ಧ, 25. ಐಎಸ್‌ಓ 400ಕ್ಕೆ ಡಬಲ್, ಮತ್ತೆ 50. ಅದನ್ನು ಎಫ್ 4ರಿಂದ ಭಾಗಿಸಿ, 12.5 ಮೀಟರ್. ಕೋರ್ಟಿನ ಅಗಲವೇ 15 ಮೀಟರ್, ಸೈಡ್ ಗ್ಯಾಲರಿಯಿಂದ ಬಾಸ್ಕೆಟ್ ಎದುರಿನ ಜಾಗಕ್ಕೆ ಅಷ್ಟೇ ದೂರ ಬರ್ತದೆ. ಕಂಪೆನಿಯವರ ಗೈಡ್ ನಂಬರು ಸ್ವಲ್ಪ ಹೊಗಳಿಕೆಯದ್ದು, ಕಡಿಮೆ ಬಿದ್ರೆ ಐಎಸ್‌ಓ 500, 640 ಮಾಡಿ, ಅದಕ್ಕಿಂತ ಮೇಲೆ ಹೋದ್ರೆ ನಿಮ್ಮ ಬಾಲಂಗೋಚಿ ವಾಪಸ್ ಬರ್ತದೆ. ಎರಡೂ ಬದಿಯ ಗ್ಯಾಲರಿಯಲ್ಲಿ ಒಂದೊಂದು ಕಟ್ಟಿ, ಎರಡೂ ಒಂದೇ ಬಾಸ್ಕೆಟಿಗೆ. ಇಡೀ ಕೋರ್ಟು ಬೆಳಗುವ ಆಸೆ ಬಿಡಿ, 28 ಮೀಟರ್ ಉದ್ದ ಉಂಟು ಅದು, ದೂರ ಡಬಲ್ ಆದ್ರೆ ಬೆಳಕು ಕಾಲು ಭಾಗಕ್ಕೆ ಇಳಿತದೆ. ಹಾಫ್ ಟೈಮ್ ಆದ ಮೇಲೆ ಟೀಮುಗಳು ಬುಟ್ಟಿ ಬದಲಾಯಿಸ್ತವೆ, ಬೇಕಾದವರು ತಾವಾಗಿ ನಿಮ್ಮ ಬದಿಗೆ ಬರ್ತಾರೆ.

ಸೀಟಿ_ಊದಿದವ

ಫೋಟೋದವರು ಬೆಳಕಿನ ಲೆಕ್ಕ ಎಲ್ಲ ಹೇಳಿದ್ರು, ಆಡುವವರ ಲೆಕ್ಕ ಯಾರೂ ಹೇಳ್ಲಿಲ್ಲ. ನಾನು ಕಾಲೇಜು ಮ್ಯಾಚುಗಳಿಗೆ ರೆಫ್ರಿ ಆಗಿ ಓಡಿದವ, ಅದಕ್ಕೆ ಮೊದ್ಲು ಆಡಿದವ.

ಮೊದಲನೇದು, ಬೇಸ್‌ಲೈನ್ ಹತ್ರ ಸ್ಟ್ಯಾಂಡು ಇಟ್ಟೆ ಅಂತ ಬರೆದಿದ್ದೀಯಲ್ಲ ತಮ್ಮ, ಅದನ್ನು ಇವತ್ತೇ ತೆಗಿ. ಗೆರೆಯಿಂದ ಹೊರಗೆ 2 ಮೀಟರ್ ಜಾಗದಲ್ಲಿ ಯಾವ ಅಡ್ಡಿಯೂ ಇರ್ಬಾರ್ದು ಅಂತ ಫೀಬಾ (ಬಾಸ್ಕೆಟ್‌ಬಾಲಿನ ಅಂತರರಾಷ್ಟ್ರೀಯ ಸಂಸ್ಥೆ) ನಿಯಮವೇ ಉಂಟು, ನೀನು ಕೂರುದೂ ಅದ್ರಿಂದ ಆಚೆ. ಲೇಅಪ್ ಹಾಕಿದವ ಗಾಳಿಯಲ್ಲಿ ಇರುವಾಗ ಬ್ರೇಕ್ ಇರುದಿಲ್ಲ, ಸ್ಟ್ಯಾಂಡಿನ ಮೂರು ಕಾಲಿನ ಮೇಲೆ ಬಿದ್ರೆ ಅವನ ಮೊಣಕಾಲಿನ ಕತೆ ಮುಗೀತು.

ಎರಡನೇದು ಕಣ್ಣು. ಬೋರ್ಡಿನ ಹಿಂದೆ ಯಾವತ್ತೂ ಲೈಟು ಕಟ್ಬೇಡ. ಶೂಟ್ ಮಾಡುವವ 3.05 ಮೀಟರ್ ಎತ್ತರದ ರಿಂಗನ್ನೇ ನೋಡ್ತಾ ಇರ್ತಾನೆ, ಅದ್ರ ಹಿಂದಿನಿಂದ ಮಿಂಚು ಹೊಡೆದ್ರೆ ಸೀದಾ ಕಣ್ಣಿಗೆ. ಬದಿಯಿಂದ, ಎತ್ತರದಿಂದ ಬಂದ್ರೆ ಅಷ್ಟು ಗೊತ್ತಾಗುದಿಲ್ಲ. ಟಿವಿಯಲ್ಲಿ ಎನ್‌ಬಿಎ ನೋಡುವಾಗ ಪಕ್ಕನೆ ಕೋರ್ಟು ಒಮ್ಮೆ ಬೆಳಗಿದ ಹಾಗೆ ಕಾಣ್ತದಲ್ಲ, ಅವರ ಲೈಟೆಲ್ಲ ಮಾಡಿನ ಹತ್ರ ಓಡಾಡುವ ಸೇತುವೆಯಲ್ಲಿ ಕಟ್ಟಿರ್ತಾರೆ, ಅವರಿಗೆ ಅಭ್ಯಾಸವೂ ಆಗಿದೆ. ನಮ್ಮ ಮಕ್ಕಳಿಗೆ ಅಭ್ಯಾಸ ಇಲ್ಲ. ಹಾಗಾಗಿ ಪಿಇ ಸರ್ ಹತ್ರ, ಎರಡೂ ಟೀಮಿನ ಕೋಚ್ ಹತ್ರ, ಮತ್ತೆ ರೆಫ್ರಿ ಹತ್ರ ಮ್ಯಾಚಿಗೆ ಮೊದ್ಲೇ ಕೇಳು, ವಾರ್ಮ್ ಅಪ್‌ನಲ್ಲಿ ನಾಲ್ಕು ಸಲ ಹೊಡೆದು ತೋರ್ಸು. ಯಾರಾದ್ರೂ ಬೇಡ ಅಂದ್ರೆ ಚರ್ಚೆ ಇಲ್ಲ, ಆಫ್.

ಫ್ರೀ ಥ್ರೋ ಹಾಕುವಾಗ ಹೊಡಿಬೇಡ. ನಿಯಮ ಅಂತ ಅಲ್ಲ, ಮರ್ಯಾದೆ.

ಕುಂದಾಪ್ರ_ಹೈದ

ಸೀಟಿಯವರು ಹೇಳಿದ್ದ್ ಖರೆ. ನಂದ್ ಒಂದ್ ಕತಿ ಹೇಳ್ತೆ. ಒಂದ್ ಹಾಲಂಗೆ ಸ್ಟ್ಯಾಂಡ್ ಇಟ್ಟಿದ್ದೆ, ಬಾಲ್ ಸೀದಾ ಬಂದ್ ಫ್ಲ್ಯಾಶಿನ ತಲಿಗೇ ಹೊಡಿತ್. ತಲಿ ಒಂದ್ ಬದಿ, ಸೆಲ್ಲೆಲ್ಲ ಕೋರ್ಟ್ ತುಂಬ. ಎಂಟ್ ಸೆಲ್ ಹೆಕ್ಕುಕೆ ಮ್ಯಾಚ್ ನಿಲ್ಸಿದ್ರ್, ಇಡೀ ಗ್ಯಾಲರಿ ಚಪ್ಪಾಳೆ. ಅದ್ರ ಮೇಲೆ ನಾನ್ ಸ್ಟ್ಯಾಂಡೇ ತಕಂಡ್ ಹೋಪುದಿಲ್ಲ.

ಮಲ್ಪೆ_ಗಾಳಿ

ಗ್ಯಾಲರಿ ಕಂಬಿಗೆ ಕಟ್ಟುವಾಗ ಗಟ್ಟಿ ಕ್ಲ್ಯಾಂಪ್ ತಗೊಳ್ಳಿ, ಮತ್ತೆ ಅದನ್ನೊಂದೇ ನಂಬ್ಬೇಡಿ, ಫ್ಲ್ಯಾಶಿಗೂ ಕ್ಲ್ಯಾಂಪಿಗೂ ಸೇರಿಸಿ ಕಂಬಿಗೆ ಒಂದು ಸ್ಟೀಲ್ ಕೇಬಲ್ ಸುತ್ತಿ ಕೊಕ್ಕೆ ಹಾಕಿ. ಕ್ಲ್ಯಾಂಪ್ ಜಾರಿದ್ರೂ ಕೆಳಗೆ ಕೂತವರ ತಲೆಗೆ ಬೀಳ್ಬಾರ್ದು. ಬಟ್ಟೆ ಒಣಗಿಸುವ ಹಗ್ಗ ಕಟ್ಟಿದವರನ್ನೂ ನೋಡಿದ್ದೇನೆ, ಬೇಡ.

ಟ್ರಿಗ್ಗರ್ 2.4 ಗಿಗಾಹರ್ಟ್ಸಿನದ್ದಾದ್ರೆ ಹಾಲ್ ಖಾಲಿ ಇರುವಾಗ ಟೆಸ್ಟ್ ಮಾಡಿ ಖುಷಿ ಪಡ್ಬೇಡಿ. ಐನೂರು ಮಕ್ಕಳು ಮೊಬೈಲ್ ಹಿಡ್ಕೊಂಡು ಬಂದ ಮೇಲೆ ಒಮ್ಮೊಮ್ಮೆ ಕೈ ಕೊಡ್ತದೆ, ಎರಡು ಮೂರು ಚಾನೆಲ್ ಟ್ರೈ ಮಾಡಿಟ್ಕೊಳ್ಳಿ. ಇನ್ನೊಂದು, ಮಳೆಗಾಲ ಆದ್ರೆ ಎಸಿ ಕಾರಿಂದ ಇಳಿದು ಸೀದಾ ಹಾಲಿಗೆ ಹೋದ್ರೆ ಲೆನ್ಸ್ ಮೇಲೆ ಮಂಜು ಕೂರ್ತದೆ. ಅರ್ಧ ಗಂಟೆ ಬ್ಯಾಗಿನೊಳಗೇ ಇರ್ಲಿ. ನಮ್ಮ ಕರಾವಳಿಯ ಗಾಳಿಗೆ ಮಾವನ ಲೆನ್ಸಿಗೆ ಫಂಗಸ್ ಹಿಡಿಸಿ ಕೊಟ್ರೆ ಮುಂದಿನ ಸಲ ಚಹಾ ಕೂಡ ಸಿಕ್ಕುದಿಲ್ಲ.

ಕದ್ರಿ_ಹುಡುಗ

ಅಪ್‌ಡೇಟ್. ನಿನ್ನೆ ಸಂಜೆ ಪ್ರಾಕ್ಟೀಸ್ ಮ್ಯಾಚಿನಲ್ಲಿ ಟ್ರೈ ಮಾಡಿದೆ. ಪಿಇ ಸರ್ ಮೊದ್ಲು ಮುಖ ಸಿಂಡರಿಸಿದ್ರು, ಆಮೇಲೆ ಅವರದ್ದೇ ಒಂದು ಫೋಟೋ ತೆಗೆದು ತೋರಿಸಿದೆ, ಒಪ್ಪಿದ್ರು. 1/200, ಎಫ್ 4, ಐಎಸ್‌ಓ 500, ಎರಡೂ ಫ್ಲ್ಯಾಶ್ 1/4, ಗ್ಯಾಲರಿಯ ಎರಡು ಬದಿ. ಫ್ಲ್ಯಾಶ್ ಆಫ್ ಮಾಡಿ ತೆಗೆದ್ರೆ ಬರೀ ಲೈಟಿನ ಚುಕ್ಕೆ ಬಿಟ್ರೆ ಪೂರ್ತಿ ಕಪ್ಪು, ಅಲ್ಲೇ ಅರ್ಧ ಧೈರ್ಯ ಬಂತು.

ಸುಮಾರು ಅರವತ್ತು ಕ್ಲಿಕ್‌ನಲ್ಲಿ ಒಳ್ಳೇದು ಅಂತ ಹೇಳುವಂಥದ್ದು ಒಂಬತ್ತು. ಆದ್ರೆ ಆ ಒಂಬತ್ತು! ಒಂದ್ರಲ್ಲಿ ರೀಬೌಂಡಿಗೆ ಹಾರಿದವನ ಮೊಣಕೈಯಿಂದ ಬೆವರಿನ ಹನಿ ಬೀಳ್ತಾ ಉಂಟು, ನಾಲ್ಕು ಹನಿ, ಲೆಕ್ಕ ಮಾಡ್ಬಹುದು. ಬಾಲಿನ ಮೇಲಿನ ಸಣ್ಣ ಸಣ್ಣ ಗುಳ್ಳೆ ಕೂಡ ಕಾಣ್ತದೆ, ಶೂ ಲೇಸು ಬಿಚ್ಚಿಹೋಗಿ ಗಾಳಿಯಲ್ಲಿ ಗಂಟಿನ ಹಾಗೆ ನಿಂತಿದೆ. 7 ನಂಬರು 7 ಆಗಿಯೇ ಇದೆ. ಹಿಂದಿನ ಗೋಡೆ, ಮುರಿದ ಕುರ್ಚಿ, ಫಿನಾಯಿಲ್ ಕ್ಯಾನು ಎಲ್ಲ ಕತ್ತಲಲ್ಲಿ ಮುಚ್ಚಿಹೋಯ್ತು, ಅದಂತೂ ಬೋನಸ್.

ಒಂದು ತೊಂದ್ರೆ ಉಳಿದಿದೆ. ಕೆಲವು ಫೋಟೋದಲ್ಲಿ ಗ್ಲಾಸ್ ಬೋರ್ಡಿನಲ್ಲಿ ಫ್ಲ್ಯಾಶಿನ ದೊಡ್ಡ ಬಿಳಿ ಕಲೆ ಬರ್ತದೆ.

ಬೆಳಕಿನ_ಲೆಕ್ಕ

ಅರವತ್ತಕ್ಕೆ ಒಂಬತ್ತು ಅಂದ್ರೆ ಭಯಂಕರ ಒಳ್ಳೇದಾಯ್ತು, ನನಗೆ ಮೊದಲ ದಿನ ಎರಡು ಸಿಕ್ಕಿತ್ತು. ಬೋರ್ಡು ಕನ್ನಡಿ ಇದ್ದ ಹಾಗೆ, ಬೆಳಕು ಬಂದ ಕೋನದಲ್ಲೇ ಆಚೆ ಹೋಗ್ತದೆ. ನೀವು ಕೂತಲ್ಲಿಂದ ಬೋರ್ಡಿನಲ್ಲಿ ಫ್ಲ್ಯಾಶು ಕಾಣ್ತದಾ ಅಂತ ಮೊದ್ಲೇ ನೋಡಿ, ಕಂಡ್ರೆ ಒಂದೆರಡು ಮೀಟರ್ ಬದಿಗೆ ಸರಿಯಿರಿ, ಸಾಕು. ಲೈಟ್ ಅಲುಗಾಡಿಸ್ಬೇಡಿ, ಅದು ಕಷ್ಟದಲ್ಲಿ ಸೆಟ್ ಆಗಿದೆ.

ಕದ್ರಿ_ಹುಡುಗ

ಸರಿ ಸರ್. ಈಗ ಹೊಸ ಸಮಸ್ಯೆ ಎಂತ ಅಂದ್ರೆ ಮಾವ ಬೆಳಿಗ್ಗೆ ಫೋನ್ ಮಾಡಿದ್ರು, ಶನಿವಾರ ಮೂಡುಬಿದಿರೆಯಲ್ಲಿ ಮದುವೆ ಉಂಟಂತೆ, ಎರಡೂ ಫ್ಲ್ಯಾಶ್ ವಾಪಸ್ ಬೇಕಂತೆ. ನಮ್ಮ ಫೈನಲ್ಲೂ ಶನಿವಾರವೇ.

ಬೆಳಕಿನ_ಲೆಕ್ಕ

ನನ್ನ ಒಂದು ಸೆಟ್ ಖಾಲಿ ಉಂಟು, ಶುಕ್ರವಾರ ಉಡುಪಿಗೆ ಬಂದು ತಗೊಂಡು ಹೋಗಿ. ಸೆಲ್ ನೀವೇ ತನ್ನಿ. ಕೇಬಲ್ ಕಟ್ಟದೆ ಗ್ಯಾಲರಿಯಲ್ಲಿ ಇಟ್ರಿ ಅಂತ ಗೊತ್ತಾದ್ರೆ ಮಾತ್ರ ಮುಂದಿನ ಸಲ ಇಲ್ಲ.