ನವಾಹೊ ಸೀಮೆಯ ಶುಗರ್ ಪೇಷಂಟ್‌ಗಳು: ಸಿಎಚ್‌ಆರ್ ಅಂದ್ರೆ ಯಾರು, ಅವರ ಜೊತೆ ಕೆಲಸ ಹೇಗೆ?

ಧಾರವಾಡದ_ಸುಮಾ:
ಎಲ್ಲರಿಗೂ ನಮಸ್ಕಾರ. ನಾನು ಡಯಟೀಷಿಯನ್. ಇತ್ತೀಚೆಗೆ ನ್ಯೂ ಮೆಕ್ಸಿಕೊದ ಗ್ಯಾಲಪ್ ಹತ್ತಿರ ಒಂದು ಕ್ಲಿನಿಕ್‌ಗೆ ಸೇರಿದ್ದೇನೆ. ಬರುವವರಲ್ಲಿ ಹೆಚ್ಚಿನವರು ನವಾಹೊ ಜನ (ಅಮೆರಿಕದ ಒಂದು ಮೂಲನಿವಾಸಿ ಬುಡಕಟ್ಟು), ಅವರಲ್ಲಿ ಶುಗರ್ ಇರುವವರು ತುಂಬಾ. ಸೊಪ್ಪು ತಿನ್ನಿ, ಸೋಡಾ ಬಿಡಿ, ದಿನಾ ನಡೆಯಿರಿ, ಇಲ್ಲದಿದ್ದರೆ ಕಾಲು ಹೋಗುತ್ತದೆ ಅಂತೆಲ್ಲ ಹೇಳುತ್ತೇನೆ. ಕೇಳಿಸಿಕೊಳ್ಳುತ್ತಾರೆ, ಮಾತಾಡುವುದಿಲ್ಲ. ಕೆಲವರು ತಿರುಗಿ ಬರುವುದೇ ಇಲ್ಲ. ಇಲ್ಲಿನ ನರ್ಸ್ ಏನಿದ್ದರೂ "ಸಿಎಚ್‌ಆರ್‌ಗೆ ಹೇಳೋಣ" ಅನ್ನುತ್ತಾರೆ. ಇವರು ನಮ್ಮ ಆಶಾ ಕಾರ್ಯಕರ್ತೆಯರ ಥರಾನಾ? ಅವರ ಕೈಗೆ ಏನು ಕೊಟ್ಟು ಕಳಿಸಬೇಕು? ಮನೆಯಲ್ಲಿ ಫ್ರಿಜ್ ಇಲ್ಲದ ಒಬ್ಬ ಅಜ್ಜಿಗೆ ಇನ್ಸುಲಿನ್ ಶುರುವಾಗುತ್ತಿದೆ, ಅದಕ್ಕೆ ಏನು ದಾರಿ? ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಟೂಬಾ_ಫಾರ್ಮಸಿ:
ಸುಮಾ, ನಾನು ಶಿವಮೊಗ್ಗದವಳು. ಅದೇ ನವಾಹೊ ಸೀಮೆಯ ಟೂಬಾ ಸಿಟಿ ಕಡೆ ವರ್ಷಗಟ್ಟಲೆ ಫಾರ್ಮಸಿಸ್ಟ್ ಆಗಿದ್ದೆ, ಈಗ ಫೀನಿಕ್ಸ್‌ನಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಸಿಎಚ್‌ಆರ್ ಅಂದರೆ ಕಮ್ಯುನಿಟಿ ಹೆಲ್ತ್ ರೆಪ್ರೆಸೆಂಟೇಟಿವ್. 1968ರಿಂದ ಇರುವ ವ್ಯವಸ್ಥೆ. ಅವರೂ ನವಾಹೊ ಜನವೇ, ಅದೇ ಭಾಷೆ. ಆ ಸೀಮೆಯಲ್ಲಿ 110 ಚಾಪ್ಟರ್‌ಗಳಿವೆ, ನಮ್ಮ ಗ್ರಾಮ ಪಂಚಾಯ್ತಿ ಇದ್ದಂತೆ ಅಂದುಕೊಳ್ಳಿ. ಸಿಎಚ್‌ಆರ್‌ಗಳನ್ನು ಅವುಗಳಿಗೆ ಹಂಚಿರುತ್ತಾರೆ. ಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಾರೆ, ಪಾದ ನೋಡುತ್ತಾರೆ, ಮಾತ್ರೆ ಡಬ್ಬಿ ತೆಗೆಸಿ ನೋಡುತ್ತಾರೆ.

ನೀವು "ಏನು ಕೊಟ್ಟು ಕಳಿಸಲಿ" ಅಂತ ಕೇಳಿದ್ದೀರಿ. ಮೊದಲು ಅವರಿಂದ ಕೇಳಿ ತಿಳಿದುಕೊಳ್ಳಿ ಅಂತ ನಾನು ಹೇಳುತ್ತೇನೆ. ಆ ಅಜ್ಜಿಯ ಮನೆಗೆ ನಲ್ಲಿ ಇದೆಯಾ? ಅಲ್ಲಿ ಸುಮಾರು ಮೂರರಲ್ಲೊಂದು ಮನೆಗೆ ಇಲ್ಲ. ಪಿಕಪ್ ಗಾಡಿಯಲ್ಲಿ ಡ್ರಮ್ ಇಟ್ಟು ದೂರದಿಂದ ನೀರು ತರುತ್ತಾರೆ. ಹತ್ತಿರದ ಕೆಲವು ಬಾವಿಗಳಲ್ಲಿ ಯುರೇನಿಯಂ ಇದೆ. ಹಳೆಯ ಗಣಿಗಳನ್ನು ಹಾಗೇ ಬಿಟ್ಟು ಹೋಗಿದ್ದಾರೆ, 500ಕ್ಕೂ ಹೆಚ್ಚು. ಹೀಗಿರುವಾಗ "ಸೋಡಾ ಬಿಟ್ಟು ನೀರು ಕುಡಿಯಿರಿ" ಅಂದರೆ ಆಕೆ ಏನು ಹೇಳಬೇಕು? ಸೊಪ್ಪಿನ ಕಥೆಯೂ ಅಷ್ಟೇ. ಸುಮಾರು 70,000 ಚದರ ಕಿಲೋಮೀಟರ್ ಜಾಗ, ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಷ್ಟಕ್ಕೂ ದೊಡ್ಡ ದಿನಸಿ ಅಂಗಡಿಗಳು ಹದಿಮೂರೋ ಏನೋ. ಯಾರ ಮನೆಯಿಂದ ಅಂಗಡಿ ಎಷ್ಟು ದೂರ, ಯಾರ ಮಗ ಶನಿವಾರ ಗಾಡಿ ತರುತ್ತಾನೆ ಅನ್ನುವುದು ಸಿಎಚ್‌ಆರ್‌ಗೆ ಗೊತ್ತಿರುತ್ತದೆ. ನಿಮ್ಮ ಚಾರ್ಟ್‌ನಲ್ಲಿ ಅದೆಲ್ಲ ಇರುವುದಿಲ್ಲ.

ಇನ್ನು "ಕಾಲು ಹೋಗುತ್ತದೆ" ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಬಾಯಿಂದ ಬಂದ ಕೆಟ್ಟ ಮಾತು ಕೆಟ್ಟದ್ದನ್ನು ಕರೆದು ತರುತ್ತದೆ ಅಂತ ಹಿರಿಯರು ನಂಬುತ್ತಾರೆ. ನೀವು ಎಚ್ಚರಿಸುತ್ತಿದ್ದೀರಿ, ಅವರಿಗೆ ಅದು ಶಾಪದ ಥರ ಕೇಳಿಸುತ್ತದೆ. ತಿರುಗಿ ಬರದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಸಿಎಚ್‌ಆರ್‌ಗಳು ಇದನ್ನೇ ಹೇಗೆ ಹೇಳುತ್ತಾರೆ ನೋಡಿ. ಮೊದಲು ತಾಯಿಯ ಕುಲ, ತಂದೆಯ ಕುಲ ಹೇಳಿ ಪರಿಚಯ ಮಾಡಿಕೊಳ್ಳುತ್ತಾರೆ. ಎಲ್ಲೋ ಒಂದು ಕಡೆ ನೆಂಟಸ್ತಿಕೆ ಸಿಗುತ್ತದೆ, ಆಮೇಲೆ ಆಕೆ ಅಜ್ಜಿ, ಇವಳು ಮೊಮ್ಮಗಳು. ಆಮೇಲೆ "ಶುಗರ್ ಇರುವ ಕೆಲವರಿಗೆ ಪಾದ ಮರಗಟ್ಟುತ್ತದಂತೆ, ಅಂಥವರು ಒಲೆ ಹತ್ತಿರ ಕಾಲು ಚಾಚಿದರೆ ಸುಟ್ಟಿದ್ದೂ ಗೊತ್ತಾಗೋದಿಲ್ಲವಂತೆ" ಅಂತ ಯಾರದೋ ಕಥೆಯ ಹಾಗೆ ಹೇಳುತ್ತಾರೆ. ಸೌದೆ ಒಲೆಯ ಮುಂದೆ ಕೂರುವ ಮನೆಗೆ ಬೇಕಾದ ಮಾತು ಅದು.

ಇನ್ಸುಲಿನ್: ತೆರೆದ ಪೆನ್ನು ಸಾಮಾನ್ಯವಾಗಿ 28 ದಿನ ಫ್ರಿಜ್ ಇಲ್ಲದೆ ಇರುತ್ತದೆ, 30 ಡಿಗ್ರಿ ದಾಟಬಾರದು ಅಷ್ಟೇ. ಕೆಲವದಕ್ಕೆ ದಿನ ಬೇರೆ, ಲೇಬಲ್ ನೋಡಿ. ತೆರೆಯದವುಗಳನ್ನು ಫ್ರಿಜ್ ಇರುವ ಮಗಳ ಮನೆಯಲ್ಲೋ ನಿಮ್ಮ ಫಾರ್ಮಸಿಯಲ್ಲೋ ಇಟ್ಟು, ಒಂದೊಂದೇ ಕೊಡಿ. ಐಸ್ ಡಬ್ಬಿಯಲ್ಲಿಟ್ಟರೆ ಐಸ್‌ಗೆ ತಾಗದಂತೆ ಬಟ್ಟೆ ಸುತ್ತಬೇಕು, ಹೆಪ್ಪುಗಟ್ಟಿದರೆ ಬಿಸಾಡುವುದೇ. ಪೋಸ್ಟ್‌ನಲ್ಲಿ ಮಾತ್ರ ಕಳಿಸಬೇಡಿ. ಬಹಳ ಜನರಿಗೆ ಮನೆ ಬಾಗಿಲಿಗೆ ಟಪಾಲು ಬರುವುದಿಲ್ಲ, ಅಂಚೆ ಕಚೇರಿಯ ಬಾಕ್ಸ್‌ನಲ್ಲಿ ಬಿದ್ದಿರುತ್ತದೆ.

(ಅಂದಹಾಗೆ, ಅರಿಜೋನಾದವರಿಗೆ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಕೊಡುವಾಗ ಯಾರ ಟೈಮು ಅಂತ ಹೇಳಿ. ಆ ರಾಜ್ಯ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದಿಲ್ಲ, ನವಾಹೊದವರು ತಿರುಗಿಸುತ್ತಾರೆ, ನಡುವೆ ಇರುವ ಹೋಪಿ ಬುಡಕಟ್ಟಿನವರು ತಿರುಗಿಸುವುದಿಲ್ಲ. ಎಷ್ಟು ಜನ ಒಂದು ಗಂಟೆ ತಡವಾಗಿ ಬಂದು ಬೈಸಿಕೊಂಡಿದ್ದಾರೋ!)

ಕೊಪ್ಪಳ_ಮಂಜು:
ಅಕ್ಕಾ, ನಮ್ಮವ್ವ ಆಶಾ ಕಾರ್ಯಕರ್ತೆ. 30 ದಾಟಿದವರ ಫಾರಂ ತುಂಬೋದು, ಬಿಪಿ-ಶುಗರ್ ತಪಾಸಣೆಗೆ ಕರೆದುಕೊಂಡು ಬರೋದು ಎಲ್ಲಾ ಅವರ ತಲೆ ಮೇಲೆ. ಸಿಗೋದು ಗೌರವಧನ, ಅದಕ್ಕೂ ಧರಣಿ ಕೂರಬೇಕು. ಅಲ್ಲಿ ಸಂಬಳ ಇದೆಯಾ?

ಟೂಬಾ_ಫಾರ್ಮಸಿ:
ಇದೆ ಮಂಜು. ನವಾಹೊ ಸರ್ಕಾರದ ಆರೋಗ್ಯ ಇಲಾಖೆಯ ನೌಕರರು ಅವರು. ಸಂಬಳ ಜಾಸ್ತಿ ಅಂತೇನಿಲ್ಲ, ಆದರೂ ನೌಕರಿ ಅನ್ನುವುದು ನೌಕರಿ. ಅಮ್ಮನಿಗೆ ನಮಸ್ಕಾರ ಹೇಳಿ.

ಧಾರವಾಡದ_ಸುಮಾ:
ಅಕ್ಕಾ, ಇಷ್ಟು ಯಾರೂ ಹೇಳಿರಲಿಲ್ಲ. ಇನ್ನೊಂದು ಪ್ರಶ್ನೆ. ಫ್ರೈ ಬ್ರೆಡ್ ಬಿಡಿಸೋದು ಹೇಗೆ? ಮೈದಾ, ಎಣ್ಣೆ, ಬೇರೆ ಏನೂ ಇಲ್ಲ ಅದರಲ್ಲಿ!

ಟೂಬಾ_ಫಾರ್ಮಸಿ:
ಅಲ್ಲಿಂದ ಶುರು ಮಾಡಬೇಡಿ. 1864ರಲ್ಲಿ ಅಮೆರಿಕದ ಸೈನ್ಯ ಈ ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೊದ ಬೋಸ್ಕ್ ರೆಡೊಂಡೊ ಅನ್ನುವ ಜಾಗದಲ್ಲಿ ಕೂಡಿಹಾಕಿತು. ಅಲ್ಲಿ ಕೊಟ್ಟ ರೇಷನ್ ಹಿಟ್ಟಿನಿಂದ ಹುಟ್ಟಿದ ತಿಂಡಿ ಅದು ಅನ್ನುತ್ತಾರೆ. 1868ರ ಒಪ್ಪಂದದ ಮೇಲೆ ಊರಿಗೆ ಮರಳಿದರು. 1930ರ ದಶಕದಲ್ಲಿ ಸರ್ಕಾರ ಮತ್ತೆ ಬಂದು ಕುರಿ ಕಡಿಮೆ ಮಾಡಿ ಅಂತ ಹಿಂಡುಗಟ್ಟಲೆ ಕೊಲ್ಲಿಸಿತು. ಅಷ್ಟು ಕಳೆದುಕೊಂಡವರ ಮುಂದೆ ಹೊರಗಿನಿಂದ ಬಂದ ನಾವು ಆ ರೊಟ್ಟಿಗೆ ಬೈದರೆ ಚೆನ್ನಾಗಿರೋದಿಲ್ಲ, ಅಲ್ವಾ? ನೀಲಿ ಜೋಳದ ಅಂಬಲಿ ಬಗ್ಗೆ ಕೇಳಿ. ನೀಲಿ ಮುಸುಕಿನ ಜೋಳದ ಹಿಟ್ಟಿಗೆ ಜುನಿಪರ್ ಮರದ ಬೂದಿ ಹಾಕಿ ಕುದಿಸುತ್ತಾರೆ, ಬೂದಿಯಿಂದ ಕ್ಯಾಲ್ಸಿಯಂ ಚೆನ್ನಾಗಿ ಸಿಗುತ್ತದೆ. ಅದೂ ಪಿಷ್ಟವೇ, ಅಳತೆ ನೋಡಿ ಹೇಳಿ. ಕುಂಬಳ, ಬೀನ್ಸ್ ಅವರ ಹಳೆಯ ಬೆಳೆ. ವ್ಯಾಯಾಮ ಅಂದರೆ ಜಿಮ್ ಬೇಡ, ಬೆಳಗಿನ ಜಾವ ಪೂರ್ವಕ್ಕೆ ಓಡುವ ಪದ್ಧತಿ ಅವರಲ್ಲೇ ಇದೆ. ಅಜ್ಜಿ ಓಡದಿದ್ದರೂ ಮೊಮ್ಮಕ್ಕಳ ಹಿಂದೆ ನಡೆದಾಳು.

ಅವರ ಸರ್ಕಾರವೂ ಸುಮ್ನೆ ಕೂತಿಲ್ಲ. 2015ರ ಏಪ್ರಿಲ್‌ನಿಂದ ಜಂಕ್ ತಿಂಡಿ, ಸಿಹಿ ಪಾನೀಯಗಳ ಮೇಲೆ ಹೆಚ್ಚುವರಿ 2% ತೆರಿಗೆ. ತಾಜಾ ಹಣ್ಣು-ತರಕಾರಿಗೆ ಮಾರಾಟ ತೆರಿಗೆ ಮಾಫಿ. ನಿಮ್ಮ ಗ್ಯಾಲಪ್‌ನಲ್ಲೇ ಕೋಪ್ ಅನ್ನುವ ಸಂಸ್ಥೆ ಇದೆ, 2009ರಲ್ಲಿ ಶುರುವಾದದ್ದು. ಸಿಎಚ್‌ಆರ್‌ಗಳ ಜೊತೆ ಸೇರಿ ಮನೆಯಲ್ಲಿ ತೋರಿಸುವ ಚಿತ್ರಪಟಗಳನ್ನು ಮಾಡಿದ್ದಾರೆ. ನೀವು ಹೊಸ ಪಾಂಪ್ಲೆಟ್ ಬರೆಯುವ ಮೊದಲು ಅವನ್ನು ನೋಡಿ.

ರೋಚೆಸ್ಟರ್_ರಾಘು:
ಕೇಳಲು ಚೆನ್ನಾಗಿದೆ. ಆದರೆ ಇದರಿಂದೆಲ್ಲ ಫಲ ಕಂಡಿದೆಯಾ, ಅಥವಾ ಬರೀ ಸಮಾಧಾನಕ್ಕಾ?

ಟೂಬಾ_ಫಾರ್ಮಸಿ:
ಕಂಡಿದೆ ರಾಘು ಅವರೇ. ಇಡೀ ಅಮೆರಿಕದ ಮೂಲನಿವಾಸಿಗಳಲ್ಲಿ ಶುಗರ್‌ನಿಂದ ಕಿಡ್ನಿ ಕೈಕೊಡುವ ಪ್ರಮಾಣ 1996ರಿಂದ 2013ರೊಳಗೆ 54% ಇಳಿಯಿತು. ಅದು ಸಿಎಚ್‌ಆರ್‌ಗಳದ್ದಷ್ಟೇ ಸಾಧನೆ ಅಲ್ಲ. ಔಷಧಿ, ಕಿಡ್ನಿ ಪರೀಕ್ಷೆ, 1997ರಲ್ಲಿ ಬಂದ ವಿಶೇಷ ನಿಧಿ ಎಲ್ಲಾ ಸೇರಿದೆ. ಆದರೆ ಬರೆದುಕೊಟ್ಟ ಔಷಧಿ ಹೊಟ್ಟೆಗೆ ಹೋಯಿತೋ ಇಲ್ಲವೋ ಅಂತ ನೋಡುವವರು ಬೇಕಲ್ಲ?

ಸುಮಾ, ಸಿಎಚ್‌ಆರ್ ಜೊತೆ ಮನೆಗಳಿಗೆ ಹೋಗಲು ನಿಮ್ಮ ಮೇಲಿನವರ ಅನುಮತಿ ಕೇಳಿ. ಮಳೆ, ಹಿಮ ಬಿದ್ದ ಮಾರನೇ ದಿನ ಹೊರಡಬೇಡಿ, ಹೆಚ್ಚಿನ ರಸ್ತೆ ಮಣ್ಣಿನದು, ಗಾಡಿ ಹೂತುಹೋಗುತ್ತದೆ. ಅಜ್ಜಿಗೆ ಯಾವುದಾದರೂ ಪೂಜೆ-ವಿಧಿ ಇದೆಯಾ ಅಂತಲೂ ಸಿಎಚ್‌ಆರ್ ಹತ್ತಿರ ಮೊದಲೇ ವಿಚಾರಿಸಿ. ಒಂಬತ್ತು ರಾತ್ರಿ ನಡೆಯುವವೂ ಇವೆ. ಊಟದ ಹೊತ್ತು ಬದಲಾದರೆ ಇನ್ಸುಲಿನ್ ಡೋಸ್ ಬಗ್ಗೆ ಡಾಕ್ಟರ್ ಜೊತೆ ಮಾತಾಡಬೇಕಾಗುತ್ತದೆ.

ಧಾರವಾಡದ_ಸುಮಾ:
ಸೋಮವಾರವೇ ಕೇಳುತ್ತೇನೆ ಅಕ್ಕಾ. ಅಜ್ಜಿಯ ಮಗಳ ಮನೆಯಲ್ಲಿ ಫ್ರಿಜ್ ಇದೆಯಂತೆ, ನರ್ಸ್ ಈಗ ತಾನೇ ಹೇಳಿದರು.