ಕ್ಯಾಸಾಂಡ್ರಾ: ಡಿಲೀಟ್ ಮಾಡಿದ ವಿಳಾಸಗಳು ವಾಪಸ್ ಬರುತ್ತಿವೆ, ಕ್ವೋರಮ್ ಇದ್ದರೂ!

ಪಾರ್ಸಲ್_ಡೆವ್:
ನಮಸ್ಕಾರ. ನಮ್ಮದು ಕ್ಯಾಸಾಂಡ್ರಾ ಡೇಟಾಬೇಸ್, 3 ನೋಡ್‌ಗಳ (ಸರ್ವರ್‌ಗಳ) ಕ್ಲಸ್ಟರ್, ರೆಪ್ಲಿಕೇಶನ್ ಫ್ಯಾಕ್ಟರ್ 3, ಅಂದರೆ ಪ್ರತಿ ಸಾಲಿಗೂ ಮೂರು ಪ್ರತಿ. ಓದೋದು, ಬರೆಯೋದು ಎರಡೂ ಕ್ವೋರಮ್‌ನಲ್ಲೇ, ಅಂದರೆ ಮೂರರಲ್ಲಿ ಎರಡು ನೋಡ್ ಉತ್ತರಿಸಲೇಬೇಕು. ಗ್ರಾಹಕರು ಎಂದೋ ಅಳಿಸಿದ್ದ ವಿಳಾಸಗಳು ಸೋಮವಾರದಿಂದ ಆ್ಯಪ್‌ನಲ್ಲಿ ಮತ್ತೆ ಕಾಣುತ್ತಿವೆ. ಒಬ್ಬರ ಪಾರ್ಸಲ್ ಅವರು ಖಾಲಿ ಮಾಡಿದ ಬಾಡಿಗೆ ಮನೆಗೇ ಹೋಗಿದೆ. 2 + 2 ಅಂದ್ರೆ 3ಕ್ಕಿಂತ ಜಾಸ್ತಿ ಅಲ್ವಾ, ಮತ್ತೆ ಇದು ಹೇಗೆ? ಈಗ ರಿಪೇರ್ (ನೋಡ್‌ಗಳ ಪ್ರತಿಗಳನ್ನು ಹೋಲಿಸಿ ಒಂದೇ ಥರ ಮಾಡೋದು) ಓಡಿಸಿಬಿಡಲಾ?

ಹಳೇ_ಡಿಬಿಎ:
ರಿಪೇರ್ ಮಾತ್ರ ಈಗ ಮುಟ್ಟಬೇಡಿ. ವಾಪಸ್ ಬಂದ ಒಂದು ಸಾಲಿನ ರೈಟ್‌ಟೈಮ್ (ಅದನ್ನು ಬರೆದ ಸಮಯ) ನೋಡಿ. 1970ರಿಂದ ಎಣಿಸಿದ ಮೈಕ್ರೋಸೆಕೆಂಡ್ ಸಿಗುತ್ತದೆ, ಅದನ್ನು ತಾರೀಕು ಮಾಡಿಕೊಳ್ಳಿ. ಈ ವಾರದ್ದಾದರೆ ನಿಮ್ಮ ಆ್ಯಪ್ಪೇ ಯಾವುದೋ ಹಳೇ ಕ್ಯಾಶ್‌ನಿಂದ (ತಾತ್ಕಾಲಿಕ ಪ್ರತಿಯಿಂದ) ಮತ್ತೆ ಬರೆಯುತ್ತಿದೆ, ಡೇಟಾಬೇಸನ್ನು ಸುಮ್ನೆ ಬೈಯಬೇಡಿ. ಹಳೇದಾದರೆ ಹೇಳಿ, ಇತ್ತೀಚೆಗೆ ಯಾವುದಾದರೂ ನೋಡ್ ಬಹಳ ದಿನ ಬಂದ್ ಆಗಿತ್ತಾ?

ಪಾರ್ಸಲ್_ಡೆವ್:
ಕಳೆದ ವರ್ಷದ ತಾರೀಕು ಬಂತು. ಮೂರನೇ ನೋಡ್‌ನ ಮದರ್‌ಬೋರ್ಡ್ ಕೈಕೊಟ್ಟು ಎರಡು ವಾರ ಬಂದ್ ಆಗಿತ್ತು, ಭಾನುವಾರ ರಾತ್ರಿ ಏರಿಸಿದೆವು. ಆದರೆ ಹಿಂಟ್‌ಗಳು (ಬಂದ್ ಆದ ನೋಡ್‌ಗೆ ಆಮೇಲೆ ಕೊಡಲು ಬೇರೆ ನೋಡ್‌ಗಳು ಕೂಡಿಡುವ ಬರಹಗಳು) ಇರೋದೇ ಇದಕ್ಕಲ್ವಾ ಸರ್?

ಹಳೇ_ಡಿಬಿಎ:
ಹಿಂಟ್ ಕೂಡಿಡೋದು ಡೀಫಾಲ್ಟ್ ಆಗಿ 3 ಗಂಟೆ ಮಾತ್ರ. ಆಮೇಲೆ ಬಂದ ಡಿಲೀಟ್‌ಗಳು ಮೂರನೇ ನೋಡ್‌ಗೆ ತಲುಪಲೇ ಇಲ್ಲ.

ಇಲ್ಲಿ ಡಿಲೀಟ್ ಅಂದರೆ 'ಇದು ಅಳಿದಿದೆ' ಅಂತ ಬರೆದಿಡುವ ಗುರುತು, ಟೂಂಬ್‌ಸ್ಟೋನ್. ಆ ಗುರುತನ್ನು ಉಳಿಸಿಕೊಳ್ಳುವ ಅವಧಿ, ಜಿಸಿ ಗ್ರೇಸ್, ಡೀಫಾಲ್ಟ್ 8,64,000 ಸೆಕೆಂಡ್, ಅಂದರೆ 10 ದಿನ. ಅದು ಕಳೆದ ಮೇಲೆ 1 ಮತ್ತು 2ನೇ ನೋಡ್‌ನಲ್ಲಿ ಕಂಪ್ಯಾಕ್ಷನ್ (ಡೇಟಾ ಫೈಲ್‌ಗಳನ್ನು ಒಗ್ಗೂಡಿಸಿ ಬೇಡದ್ದನ್ನು ತೆಗೆಯೋದು) ನಡೆದು ಸಾಲೂ ಹೋಯಿತು, ಗುರುತೂ ಹೋಯಿತು. ಮೂರರಲ್ಲಿ ಸಾಲು ಹಾಗೇ ಇದೆ. ಈಗ ಕ್ವೋರಮ್ ಓದು 1 ಮತ್ತು 3ನ್ನು ಕೇಳಿತು ಅನ್ನಿ. 1 'ಏನೂ ಗೊತ್ತಿಲ್ಲ' ಅನ್ನುತ್ತದೆ, 3 'ಇಗೋ ವಿಳಾಸ' ಅನ್ನುತ್ತದೆ. ಗೊತ್ತಿಲ್ಲ ಅನ್ನೋದಕ್ಕೆ ಟೈಮ್‌ಸ್ಟಾಂಪ್ ಇಲ್ಲವಲ್ಲ, ಹಾಗಾಗಿ ಹಳೇ ಸಾಲೇ ಗೆಲ್ಲುತ್ತದೆ. ರೀಡ್ ರಿಪೇರ್ (ಓದುವಾಗಲೇ ನಡೆಯುವ ಸರಿಪಡಿಕೆ) ಅದನ್ನು 1ಕ್ಕೂ ಬರೆದುಬಿಡುತ್ತದೆ. ನೀವು ಪೂರ್ತಿ ರಿಪೇರ್ ಓಡಿಸಿದರೆ ಯಾರೂ ಇನ್ನೂ ತೆರೆಯದ ವಿಳಾಸಗಳೂ ಎಲ್ಲ ಕಡೆ ಹರಡುತ್ತವೆ.

ಈಗಲೇ ಮೂರನ್ನು ನಿಲ್ಲಿಸಿ. ಜಿಸಿ ಗ್ರೇಸ್ ದಾಟಿ ಬಂದ್ ಆಗಿದ್ದ ನೋಡನ್ನು ಹಳೇ ಡೇಟಾ ಸಮೇತ ಒಳಗೆ ಬಿಡಬಾರದು. ಡೇಟಾ, ಕಮಿಟ್ ಲಾಗ್, ಹಿಂಟ್ಸ್ ಫೋಲ್ಡರ್‌ಗಳನ್ನು ಬೇರೆ ಕಡೆ ಸರಿಸಿ, ರಿಪ್ಲೇಸ್ ಅಡ್ರೆಸ್ ಫಸ್ಟ್ ಬೂಟ್ ಆಯ್ಕೆಯಲ್ಲಿ ಅದರದೇ ಐಪಿ ಕೊಟ್ಟು ಏರಿಸಿ. ಉಳಿದ ಎರಡರಿಂದ ಡೇಟಾ ಹರಿದು ಬರುತ್ತದೆ. ಕ್ವೋರಮ್‌ನಲ್ಲಿ ಬರೆದಿದ್ದು ಆ ಎರಡರಲ್ಲಿ ಒಂದರಲ್ಲಾದರೂ ಇದ್ದೇ ಇರುತ್ತದೆ. ಅದು ಮುಗಿದ ಕೂಡಲೇ ಫುಲ್ ರಿಪೇರ್ ಮಾಡಿ.

ಈಗಾಗಲೇ ಹರಡಿದ ಸಾಲುಗಳಿಗೆ ಆ್ಯಪ್‌ನ ಡಿಲೀಟ್ ಲಾಗ್ ಹಿಡಿದು ಮತ್ತೆ ಡಿಲೀಟ್ ಕೊಡಬೇಕು. ಆದರೆ 'ಯೂಸಿಂಗ್ ಟೈಮ್‌ಸ್ಟಾಂಪ್' ಹಾಕಿ, ಮೊದಲು ಅಳಿಸಿದಾಗಿನ ಸಮಯವನ್ನೇ ಕೊಡಿ. ಇಲ್ಲದಿದ್ದರೆ ಆಮೇಲೆ ಗ್ರಾಹಕರು ಅದೇ ಕೀಲಿಯಲ್ಲಿ (ಸಾಲನ್ನು ಗುರುತಿಸುವ ಪ್ರೈಮರಿ ಕೀ) ಹೊಸದಾಗಿ ಸೇರಿಸಿದ ವಿಳಾಸವೂ ಹೋಗುತ್ತದೆ.

ಪಾರ್ಸಲ್_ಡೆವ್:
ಡಿಲೀಟ್ ಲಾಗ್ ಇದೆ, ಪುಣ್ಯ! ಜಿಸಿ ಗ್ರೇಸನ್ನೇ 30 ದಿನ ಮಾಡಿದರೆ?

ಸಾಲು_ಕಂಬ:
ಮಾಡಬಹುದು, ಆದರೆ ಟೂಂಬ್‌ಸ್ಟೋನ್ ರಾಶಿ ಬೀಳುತ್ತದೆ. ಒಂದು ಓದಿನಲ್ಲಿ 1,000 ದಾಟಿದರೆ ಎಚ್ಚರಿಕೆ, 1,00,000 ದಾಟಿದರೆ ಓದೇ ವಿಫಲ, ಡೀಫಾಲ್ಟ್ ಲೆಕ್ಕದಲ್ಲಿ. ನನ್ನ ಕೇಳಿದರೆ ಟೇಬಲ್ ಬದಲಿಸಿ. ಒಬ್ಬ ಗ್ರಾಹಕನಿಗೆ ಇರೋದೇ ನಾಲ್ಕೈದು ವಿಳಾಸ. ಅಳಿಸುವ ಬದಲು 'ಸಕ್ರಿಯ' ಅನ್ನೋ ಕಾಲಂ ಇಟ್ಟು ಫಾಲ್ಸ್ ಬರೆಯಿರಿ, ಆ್ಯಪ್‌ನಲ್ಲಿ ಸೋಸಿಕೊಳ್ಳಿ. ಅದು ಮಾಮೂಲಿ ಬರಹ, 10 ದಿನಕ್ಕೆ ಮಾಯ ಆಗುವುದಿಲ್ಲ. ಹಳೇ ಟ್ರೂ ಎದುರಾದರೂ ಹೊಸ ಫಾಲ್ಸ್ ಗೆಲ್ಲುತ್ತದೆ. ಆ ಕಾಲಂ ಕೀಲಿಯಲ್ಲಿ ಸೇರಬಾರದು. ಉಳಿದ ಕಾಲಂಗಳಿಗೆ ನಲ್ (ಖಾಲಿ ಮೌಲ್ಯ) ಬರೆಯಲೂ ಹೋಗಬೇಡಿ, ನಲ್ ಕೂಡ ಟೂಂಬ್‌ಸ್ಟೋನೇ.

ಖಾತೆಯನ್ನೇ ಮುಚ್ಚಿದವರ ವಿವರ ಮಾತ್ರ ನಿಜವಾಗಿ ಅಳಿಸಲೇಬೇಕು. ಅದಕ್ಕೆ ವಾರಕ್ಕೊಮ್ಮೆ ರಿಪೇರ್ ಇಟ್ಟುಕೊಳ್ಳಿ, ರೀಪರ್ ಅನ್ನೋ ಟೂಲ್ ಹಾಕಿದರೆ ತಾನೇ ಓಡಿಸಿಕೊಳ್ಳುತ್ತದೆ.