ಮಾಲೀಕರ ಕಣ್ಣಿಗೆ ಐಟಿ ಅಂದ್ರೆ ಬರೀ ಖರ್ಚಾ? ನಿಮ್ಮ ಕಂಪನೀಲಿ ಹೇಗಿದೆ ಹೇಳಿ

ಪೀಣ್ಯ_ಐಟಿ:

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಆಟೋ ಪಾರ್ಟ್ಸ್ ಮಾಡೋ ಕಂಪನೀಲಿ ಐಟಿ ಮ್ಯಾನೇಜರ್ ಆಗಿ 11 ವರ್ಷ ಆಯ್ತು. ನಾನು, ಇನ್ನಿಬ್ರು ಹುಡುಗ್ರು, ಅಷ್ಟೇ ನಮ್ಮ ಟೀಮ್. ರಿಪೋರ್ಟ್ ಮಾಡೋದು ಫೈನಾನ್ಸ್ ಹೆಡ್‌ಗೆ. ಹೋದ ವಾರ ಬಜೆಟ್ ಮೀಟಿಂಗ್ ಇತ್ತು, ಬ್ಯಾಕಪ್‌ಗೆ ಹೊಸ ಸ್ಟೋರೇಜು ಮತ್ತೆ ಫೈರ್‌ವಾಲ್ ರಿನ್ಯೂವಲ್ ಸೇರಿ 9 ಲಕ್ಷ ಕೇಳಿದ್ದೆ. ನಮ್ಮ ಎಂಡಿ ಹಾಳೆ ತಿರುಗಿಸಿ ನೋಡಿ "ಎಲ್ಲಾ ಸರಿಯಾಗೇ ನಡೀತಿದೆಯಲ್ಲಪ್ಪ, ಇದ್ಯಾಕೀಗ?" ಅಂದ್ರು. ಅದೇ ಮೀಟಿಂಗಲ್ಲಿ ಒಂದೂವರೆ ಕೋಟಿ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯೋ) ಮೆಷೀನ್‌ಗೆ ಹತ್ತು ನಿಮಿಷದಲ್ಲಿ ಓಕೆ ಸಿಕ್ತು. ಮೆಷೀನ್ ಬೇಡ ಅಂತ ನಾನು ಹೇಳ್ತಿಲ್ಲ, ಅದ್ರಿಂದಾನೇ ನಮ್ಮ ಅನ್ನ. ಆದ್ರೆ ಸರಿಯಾಗಿ ನಡೀತಿರೋದೇ ನಾವು ಏನೂ ಮಾಡ್ತಿಲ್ಲ ಅನ್ನೋದಕ್ಕೆ ಸಾಕ್ಷಿ ಆಗ್ಬಿಟ್ರೆ ಏನ್ ಮಾಡೋದು?

ಮಾರ್ಚಲ್ಲಿ ಒಂದು ರಾತ್ರಿ 8:40ಕ್ಕೆ ಇಆರ್‌ಪಿ (ಸ್ಟಾಕು, ಬಿಲ್ಲು, ಲೆಕ್ಕ ಎಲ್ಲಾ ನಡೆಸೋ ಸಾಫ್ಟ್‌ವೇರ್) ಸರ್ವರ್ ಡಿಸ್ಕ್ ಹೋಯ್ತು. ಗೇಟ್ ಹತ್ರ ಎರಡು ಗಾಡಿ ಲೋಡ್ ಆಗಿ ನಿಂತಿದ್ವು, ಬೆಳಗ್ಗೆ 6ಕ್ಕೆ ಹೊಸೂರಲ್ಲಿ ಕಸ್ಟಮರ್ ಲೈನಿಗೆ ಮಾಲ್ ಬೇಕು. ಇ-ಇನ್‌ವಾಯ್ಸ್ (ಸರ್ಕಾರಿ ಪೋರ್ಟಲಲ್ಲಿ ನೋಂದಾಯಿಸೋ ಬಿಲ್) ಆಗ್ದೆ, ಇ-ವೇ ಬಿಲ್ (ಮಾಲ್ ಸಾಗಿಸೋಕೆ ಬೇಕಾದ ಚೀಟಿ) ಬರ್ದೆ ಗಾಡಿ ಅಲ್ಲಾಡೋ ಹಾಗಿಲ್ಲ. ಡ್ರೈವರ್ ಒಬ್ರು ಟಾರ್ಪಲ್ ಹಗ್ಗ ಬಿಗಿದು, ಬಿಚ್ಚಿ, ಮತ್ತೆ ಬಿಗೀತಿದ್ರು, ಅರ್ಧ ಗಂಟೆಗೊಂದ್ಸಲ ಸರ್ವರ್ ರೂಮ್ ಬಾಗಿಲಿಗೆ ಬಂದು "ಆಯ್ತಾ ಸಾರ್" ಅಂತ ಕೇಳ್ತಿದ್ರು. ಹಳೇ ಬ್ಯಾಕಪ್ಪಿಂದ ರೀಸ್ಟೋರ್ ಆಗೋವಾಗ ಮೂರೂವರೆ, ಗಾಡಿ ಹೊರಟಾಗ ನಾಲ್ಕು. ಮಾರನೇ ದಿನ ರಿವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಐಟಿಯವ್ರು ಯಾಕಿಷ್ಟು ಹೊತ್ತು ತಗೊಂಡ್ರು ಅಂತ. ಡಿಸ್ಕಿಗೆ ಏಳು ವರ್ಷ ಆಗಿತ್ತು, ಬದಲಾಯಿಸಿ ಅಂತ ನಾನು ಮೂರು ಮೇಲ್ ಹಾಕಿದ್ದೆ, ಅದನ್ನ ಯಾರೂ ಎತ್ಲಿಲ್ಲ.

ನಿಮ್ಮ ಕಡೆ ಮೇಲಿನವ್ರಿಗೆ ಇದು ಅರ್ಥ ಆಗಿದ್ದು ಹೇಗೆ? ನೇರ ಎಂಡಿಗೇ ರಿಪೋರ್ಟ್ ಮಾಡ್ತೀನಿ ಅಂತ ಕೇಳ್ಬೇಕಾ, ಅಥವಾ ನನಗೇ ಹೇಳೋಕೆ ಬರ್ತಿಲ್ವಾ? ದಯವಿಟ್ಟು ಅನುಭವ ಇರೋರು ಹೇಳಿ.

ಉದ್ಯಮಬಾಗ_ಫೌಂಡ್ರಿ:

ಸರ್, ನಿಮ್ಮ ಪೋಸ್ಟ್ ಓದಿ ನಂದ ಹಳೇ ದಿನಾ ಎಲ್ಲಾ ಕಣ್ಮುಂದ ಬಂದ್ವು ನೋಡ್ರಿ. ಬೆಳಗಾವಿ ಒಳಗ ಫೌಂಡ್ರಿ ನಮ್ಮದು, ನಮ್ಮ ಸಾಹೇಬ್ರೂ ಹಿಂಗ ಇದ್ರು. ನಾ ಏನ್ ಮಾಡಿದೆ ಅಂದ್ರ, ಅವ್ರ ಮುಂದ ಸರ್ವರ್, ಡಿಸ್ಕ್, ಲೈಸೆನ್ಸ್ ಅನ್ನೂ ಮಾತ ಬಿಟ್ಟೆ. ಒಂದ್ ದಿನ ಕೇಳಿದೆ, ಸಾಹೇಬ್ರ, ಫರ್ನೇಸ್ ಲೈನಿಂಗ್ ಒಡದ ಮ್ಯಾಲೆ ಬದ್ಲಿ ಮಾಡ್ತೇವೋ, ಒಡ್ಯೂಕಿಂತ ಮೊದ್ಲೋ ಅಂತ. ಇಷ್ಟ ಹೀಟ್ (ಲೋಹ ಕರಗಿಸೂ ಸರ್ತಿ) ಆತಂದ್ರ ಕಿತ್ತು ಹೊಸಾದು ಬಡೀತೇವಲ್ಲಾ, ಚಲೋ ಕಾಣಿಸಿದ್ರೂ ಬಿಡೂದಿಲ್ಲ, ಯಾಕಂದ್ರ ಒಡದ್ರ ಕರಗಿದ ಲೋಹ ಸುತ್ತಲಿರೂ ಕರೆಂಟ್ ಕಾಯಿಲ್‌ಗೆ ಹೋಗಿ ಬಡೀತದ. ಈ ಡಿಸ್ಕೂ ಹಂಗ ಐತ್ರಿ ಅಂದೆ. ಅವತ್ತ ಮೊದಲನೇ ಸಲ ಕುರ್ಚಿ ಎಳದು ಕುಂತು ಕೇಳಿದ್ರು.

ಇನ್ನೊಂದು, ರಜಿಸ್ಟರ್ ಇಡ್ರಿ. ಯಾವ ದಿನ ಏನ್ ನಿಂತಿತ್ತು, ಎಷ್ಟ ತಾಸು, ಯಾವ ಗಾಡಿ ತಡಾ ಆತು, ಕಸ್ಟಮರ್ ಡೆಬಿಟ್ ನೋಟ್ ಹಾಕಿ ದುಡ್ಡ ಕಟ್ ಮಾಡಿದ್ನೋ ಇಲ್ಲೋ. ನಾ ಒಂದ್ ವರ್ಷ ಬರದೆ. ಡಿಸ್ಪ್ಯಾಚಿನವ್ರ ಕಡಿಂದ ಸಹಿ ಮಾಡಿಸ್ಕೊಂಡೆ, ಅದು ಮುಖ್ಯ, ನಾವ ಬರದು ನಾವ ತೋರಿಸಿದ್ರ ನಂಬೂದಿಲ್ಲ.

ಲೆಕ್ಕದ_ಮನುಷ್ಯ:

ನಾನು ಆ ಕಡೆಯವನು. ಮೈಸೂರಲ್ಲಿ ಒಂದು ಕಂಪನಿಗೆ ಫೈನಾನ್ಸ್ ಹೆಡ್, ಐಟಿ ನನಗೇ ರಿಪೋರ್ಟ್ ಮಾಡುತ್ತೆ. ಸ್ವಲ್ಪ ಖಾರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಹತ್ರ ಐಟಿಯವ್ರು ಬರೋದು ಕೊಟೇಶನ್ ಹಿಡ್ಕೊಂಡೇ. ಹೋದ ಸಲ ತಗೊಂಡಿದ್ರಿಂದ ಏನಾಯ್ತು ಅಂತ ಹೇಳೋಕೆ ಯಾರೂ ಬರಲ್ಲ. ನಮ್ಮಲ್ಲಿ ಇಆರ್‌ಪಿಗೆ ದುಡ್ಡು ಸುರಿದು ನಾಲ್ಕು ವರ್ಷ ಆಯ್ತು, ಇವತ್ತಿಗೂ ಸ್ಟೋರ್ಸ್‌ನವ್ರು ಎಕ್ಸೆಲ್‌ನಲ್ಲೇ ಸ್ಟಾಕ್ ಇಡ್ತಾರೆ, ಎರಡೂ ತಾಳೆ ಆಗಲ್ಲ. ಸಿಎನ್‌ಸಿ ಮೆಷೀನ್ ಆದ್ರೆ ದಿನಕ್ಕೆ ಎಷ್ಟು ಪೀಸ್ ಅಂತ ಕಣ್ಣಿಗೆ ಕಾಣುತ್ತೆ, ಅದಕ್ಕೇ ಹತ್ತು ನಿಮಿಷದಲ್ಲಿ ಸಹಿ ಬೀಳೋದು.

ಆದ್ರೆ ಒಪ್ಕೋತೀನಿ, ನಾವೂ ಕುರುಡಾಗಿದೀವಿ. 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವ್ರಿಗೆಲ್ಲಾ ಇ-ಇನ್‌ವಾಯ್ಸ್ ಬಂತಲ್ಲ, ಅಂದ್ರೆ ಸಿಸ್ಟಂ ನಿಂತ್ರೆ ಮಾರಾಟಾನೇ ನಿಂತಂಗೆ. ಅದೇ ವರ್ಷ ಏಪ್ರಿಲ್‌ನಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಲ್ಲಿ ಎಡಿಟ್ ಲಾಗ್ (ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋ ದಾಖಲೆ) ಇರ್ಲೇಬೇಕು, ಇಡೀ ವರ್ಷ ಆನ್ ಇತ್ತಾ ಅಂತ ಆಡಿಟರ್ ರಿಪೋರ್ಟಲ್ಲಿ ಬರೀತಾರೆ. ಇವೆರಡೂ ಫೈನಾನ್ಸ್ ಹೆಡ್ ತಲೆ ಮೇಲಿರೋ ವಿಷ್ಯಗಳು. ನಿಮ್ಮ 9 ಲಕ್ಷವನ್ನ ಇವಕ್ಕೆ ಕಟ್ಟಿ ಕೇಳಿ, ಬಾಸ್ ಬದಲಾಯಿಸೋ ಮಾತು ಆಮೇಲೆ. ಮತ್ತೆ ಬ್ಯಾಕಪ್ಪಿಂದ ಡೇಟಾ ವಾಪಸ್ ಬರುತ್ತಾ ಅಂತ ನೋಡೋ ರೀಸ್ಟೋರ್ ಟೆಸ್ಟ್ ಮಾಡೋ ದಿನ ಅವ್ರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ನಾನು ಒಂದ್ಸಲ ಕೂತಿದ್ದೆ, ಪರ್ಸೆಂಟೇಜ್ 43ರಲ್ಲಿ ನಿಂತು ಇಪ್ಪತ್ತು ನಿಮಿಷ ಅಲ್ಲಾಡ್ಲಿಲ್ಲ, ಆ ಇಪ್ಪತ್ತು ನಿಮಿಷದಲ್ಲಿ ನನಗೆ ಅರ್ಥ ಆಗಿದ್ದು ಹತ್ತು ವರ್ಷದ ಪಿಪಿಟಿಗಳಿಂದ ಆಗಿರ್ಲಿಲ್ಲ.

ಬ್ಯಾಂಕ್_ಹುಡುಗಿ:

ಬೆಂಗಳೂರಲ್ಲಿ ಬ್ಯಾಂಕಿಂಗ್ ಟೆಕ್‌ನಲ್ಲಿದೀನಿ. ನಮ್ಮ ಲೈನಲ್ಲಿ ಮೇಲಿನವ್ರು ಐಟಿಗೆ ಬೆಲೆ ಕೊಡೋಕೆ ಶುರು ಮಾಡಿದ್ದು ಪ್ರೀತಿಯಿಂದ ಅಲ್ಲ, ಆರ್‌ಬಿಐ ಕೋಲು ಹಿಡಿದಿದ್ದರಿಂದ. 2020ರ ಡಿಸೆಂಬರ್‌ನಲ್ಲಿ ಪದೇ ಪದೇ ಸಿಸ್ಟಂ ಡೌನ್ ಆಗಿದ್ದಕ್ಕೆ ಎಚ್‌ಡಿಎಫ್‌ಸಿ ಬ್ಯಾಂಕ್‌ಗೆ ಹೊಸ ಕ್ರೆಡಿಟ್ ಕಾರ್ಡ್ ಕೊಡೋದನ್ನೇ ನಿಲ್ಸಿದ್ರು, ಪೂರ್ತಿ ನಿರ್ಬಂಧ ಹೋಗಿದ್ದು 2022ರ ಮಾರ್ಚಲ್ಲಿ. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರಾ ಸರದಿ, ಆ ನಿರ್ಬಂಧ ಹೋಗಿದ್ದು 2025ರ ಫೆಬ್ರವರಿಯಲ್ಲಿ. ಹೊಸ ಗ್ರಾಹಕರನ್ನ ಆನ್‌ಲೈನಲ್ಲಿ ಸೇರಿಸ್ಕೊಳ್ಳೋ ಹಾಗಿಲ್ಲ ಅಂದ್ರೆ ಅದು ಐಟಿ ಸಮಸ್ಯೆಯಾ, ಬಿಸಿನೆಸ್ ಸಮಸ್ಯೆಯಾ ನೀವೇ ಹೇಳಿ. ಈಗ 2024ರ ಏಪ್ರಿಲ್ 1ರಿಂದ ರೂಲ್ಸೇ ಇದೆ, ಬೋರ್ಡ್ ಮಟ್ಟದಲ್ಲಿ ಐಟಿ ಸ್ಟ್ರಾಟಜಿ ಕಮಿಟಿ ಬೇಕು, ಅದರ ಅಧ್ಯಕ್ಷರು ಐಟಿ ಗೊತ್ತಿರೋ ಸ್ವತಂತ್ರ ನಿರ್ದೇಶಕರಾಗಿರ್ಬೇಕು, ಸೆಕ್ಯುರಿಟಿ ಮುಖ್ಯಸ್ಥರು ಐಟಿ ಹೆಡ್ ಕೈಕೆಳಗೆ ಇರ್ಬಾರ್ದು.

ಇನ್ನೊಂದು ಹೇಳ್ಬೇಕು, ನೇರ ಮೇಲೆ ಕೂರ್ತೀನಿ ಅನ್ನೋರು ಇದನ್ನೂ ನೋಡ್ಕೊಳ್ಳಿ. ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ 2018ರಲ್ಲಿ ಸಿಸ್ಟಂ ಬದಲಾಯಿಸೋಕೆ ಹೋಗಿ ಲಕ್ಷಾಂತರ ಜನ ತಮ್ಮ ಅಕೌಂಟೇ ತೆಗೆಯೋಕಾಗ್ದೆ ಒದ್ದಾಡಿದ್ರಲ್ಲ, ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. 2023ರಲ್ಲಿ ಆಗಿನ ಸಿಐಒಗೆ (ಐಟಿ ಮುಖ್ಯಸ್ಥರಿಗೆ) ವೈಯಕ್ತಿಕವಾಗಿ 81,620 ಪೌಂಡ್. ಹೊರಗಿನ ಸಪ್ಲೈಯರ್ ತಯಾರಾಗಿದಾರಾ ಅಂತ ಸರಿಯಾಗಿ ನೋಡ್ಲಿಲ್ಲ, ಅದೇ ಅವ್ರು ಮಾಡಿದ ತಪ್ಪು. ಕುರ್ಚಿ ಕೇಳೋವಾಗ 'ಇದು ರೆಡಿ ಇಲ್ಲ, ಗೋ ಲೈವ್ (ಹೊಸ ಸಿಸ್ಟಂ ಚಾಲೂ ಮಾಡೋದು) ಬೇಡ' ಅನ್ನೋ ಅಧಿಕಾರವನ್ನೂ ಬರವಣಿಗೆಯಲ್ಲಿ ಕೇಳಿ. ಅದಿಲ್ದೆ ಬರೀ ಡೆಸಿಗ್ನೇಶನ್ ಕೊಟ್ರೆ ತಗೋಬೇಡಿ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ಆಟೋ ಲೈನ್ ಅಂದ್ರಲ್ಲ ಅದಕ್ಕೆ ಬರೀತಿದೀನಿ. ನಾನಿರೋದು ಇಲ್ಲಿ ಒಂದು ಸಣ್ಣ ಸಪ್ಲೈಯರ್ ಕಂಪನೀಲಿ. 2025ರ ಆಗಸ್ಟ್ ಕೊನೇಲಿ ಜೆಎಲ್‌ಆರ್ (ಜಾಗ್ವಾರ್ ಲ್ಯಾಂಡ್ ರೋವರ್) ಮೇಲೆ ಸೈಬರ್ ದಾಳಿ ಆಗಿ, ಸೆಪ್ಟೆಂಬರ್ ಪೂರ್ತಿ ಕಾರ್ ಮಾಡೋದೇ ನಿಂತೋಯ್ತು, ಅಕ್ಟೋಬರ್ 8ರಿಂದ ಹಂತ ಹಂತವಾಗಿ ಶುರು ಆಯ್ತು. ಬ್ರಿಟನ್‌ಗೆ ಆದ ನಷ್ಟ 190 ಕೋಟಿ ಪೌಂಡ್, ಪೆಟ್ಟು ತಿಂದ ಸಂಸ್ಥೆಗಳು 5,000ಕ್ಕೂ ಹೆಚ್ಚು ಅಂತ ಸೈಬರ್ ಮಾನಿಟರಿಂಗ್ ಸೆಂಟರ್ ಅಂದಾಜು ಮಾಡ್ತು. ನಮ್ಮ ಶೆಡ್ಡಲ್ಲಿ ಪ್ಯಾಕ್ ಮಾಡಿದ ಕ್ರೇಟುಗಳು ಸೀಲಿಂಗ್ ಮುಟ್ಟೋ ಥರ ಆಗಿದ್ವು, ತಗೊಳ್ಳೋರಿಲ್ಲ. ನಮ್ಮ ಮಾಲೀಕ್ರು ಅಲ್ಲೀತನಕ ಐಟಿ ಹುಡುಗನ ಹೆಸರೂ ಸರಿಯಾಗಿ ಹೇಳ್ತಿರ್ಲಿಲ್ಲ, ಆ ತಿಂಗಳು ದಿನಾ ಬೆಳಗ್ಗೆ ಅವನ ಮೇಜಿನ ಹತ್ರಾನೇ ಬಂದು ನಿಲ್ತಿದ್ರು, ನಮಗೇ ಹಿಂಗಾದ್ರೆ ಎಷ್ಟು ದಿನ ತಡ್ಕೋತೀವಿ ಅಂತ ಕೇಳೋಕೆ. ನಿಮ್ಮ ಎಂಡಿಗೂ ಇದನ್ನೇ ಕೇಳಿ, ಐದು ವಾರ ಇನ್‌ವಾಯ್ಸ್ ಇಲ್ದೆ ಸಂಬಳ ಕೊಡ್ತೀರಾ ಅಂತ. ಜೆಎಲ್‌ಆರ್ ಟಾಟಾದವ್ರದ್ದು ಅಲ್ವಾ, ಹೆಸರು ಹೇಳಿದ್ರೆ ಅವ್ರಿಗೂ ತಕ್ಷಣ ತಲೆಗೆ ಹೋಗುತ್ತೆ.

ಪೀಣ್ಯ_ಐಟಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಒಂದೊಂದನ್ನೂ ಎರಡೆರಡು ಸಲ ಓದಿದೆ. ಫೈನಾನ್ಸ್ ಸರ್, ಬೇಜಾರೇನಿಲ್ಲ, ನೀವು ಹೇಳಿದ್ದು ಚುಚ್ಚಿತು, ಯಾಕಂದ್ರೆ ನಾನೂ ಮೂರು ಮೇಲಲ್ಲಿ ಡಿಸ್ಕ್ ಹೆಲ್ತ್ ಪರ್ಸೆಂಟ್ ಬರ್ದಿದ್ದೆ ಹೊರತು ಹೊಸೂರು ಗಾಡಿ ಬಗ್ಗೆ ಒಂದು ಸಾಲೂ ಬರ್ದಿರ್ಲಿಲ್ಲ. ಬೆಳಗಾವಿ ಸರ್, ರಜಿಸ್ಟರ್ ಇವತ್ತೇ ಶುರು ಮಾಡ್ದೆ, ಮಾರ್ಚ್ ರಾತ್ರಿದು ಮೊದಲ್ನೇ ಎಂಟ್ರಿ, ಡಿಸ್ಪ್ಯಾಚ್ ಸೂಪರ್‌ವೈಸರ್ ಸಹಿ ಹಾಕಿಕೊಟ್ರು, ಗಾಡಿ ನಂಬರ್ ಸಮೇತ. ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿದ ಮೇಲೆ ರೀಸ್ಟೋರ್ ಟೆಸ್ಟ್ ಇಟ್ಕೊಂಡಿದೀನಿ. ನಮ್ಮ ಫೈನಾನ್ಸ್ ಹೆಡ್‌ನ ಕರೆದೆ, ಮೊದ್ಲು ನಾನ್ಯಾಕೆ ಅಂದ್ರು, ಎಡಿಟ್ ಲಾಗ್ ವಿಷ್ಯ ಹೇಳಿದ ಮೇಲೆ ಬರ್ತೀನಿ ಅಂದಿದಾರೆ.

ಉದ್ಯಮಬಾಗ_ಫೌಂಡ್ರಿ:

ಭಾಳ ಚಲೋ ಆತ್ರಿ. ಟೆಸ್ಟ್‌ಗೆ ಮಾರ್ಚ್ ತಿಂಗಳ ಡೇಟಾನ ತಗೋರಿ, ಅದ ರಾತ್ರಿ ಇನ್‌ವಾಯ್ಸ್ ತಗದು ತೋರಸ್ರಿ ಅವ್ರಿಗೆ.